ಹಳೇ ಪಿಸಿಯಲ್ಲಿ ಮಾಡಿದ ನಾಸ್‌ಗೆ ಯಾವ ಮಾನಿಟರಿಂಗ್ ಟೂಲ್ ಹಾಕಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಓಪನ್‌ಮೀಡಿಯಾವಾಲ್ಟ್ ಎಂಬ ಓಎಸ್ ಹಾಕಿ ಅದನ್ನು ನಾಸ್ ಮಾಡಿದ್ದೀರಿ, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಎಲ್ಲರ ಫೈಲ್ ಇಡುವ ಪೆಟ್ಟಿಗೆ. 4 ಜಿಬಿ ರ‍್ಯಾಮ್ ಇದೆ. 4 ಟಿಬಿಯ ಎರಡು ಡಿಸ್ಕ್ ಮಿರರ್‌ನಲ್ಲಿವೆ, ಅಂದರೆ ಎರಡರಲ್ಲೂ ಒಂದೇ ಡೇಟಾ ಇದೆ. ಯಾವಾಗಲೋ ಒಂದು ಭಾನುವಾರ ಬೆಳಿಗ್ಗೆ ಸಿನಿಮಾ ನಿಂತು ನಿಂತು ಓಡುತ್ತದೆ, ಉಳಿದ ದಿನ ಚೆನ್ನಾಗಿರುತ್ತದೆ. ಪ್ರೊಮಿಥಿಯಸ್ (ಲೆಕ್ಕ ಸಂಗ್ರಹಿಸುವ ಟೂಲ್) ಮತ್ತು ಗ್ರಾಫಾನಾ (ಅದನ್ನು ಗ್ರಾಫ್ ಮಾಡಿ ತೋರಿಸುವ ಟೂಲ್) ಹಾಕಿ ಅಂತ ಯಾರೋ ಹೇಳಿದ್ದಾರೆ. ನೀವು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ವ್ಯವಸ್ಥೆ) ಗ್ಲಾನ್ಸಸ್ ಎಂಬ ಚಿಕ್ಕ ಮಾನಿಟರಿಂಗ್ ಟೂಲ್ ಹಾಕಿ ನೋಡಿದ್ದೀರಿ. ಆದರೆ ಅದರಲ್ಲಿ ನಿಮ್ಮ ಡೇಟಾ ಡಿಸ್ಕ್‌ಗಳೇ ಕಾಣುತ್ತಿಲ್ಲ.

ಗ್ಲಾನ್ಸಸ್ ಸಾಕು, ಅದನ್ನೇ ಸರಿ ಮಾಡಿಕೊಳ್ಳಿ. ಆದರೆ ಅದಕ್ಕೂ ಮೊದಲು ಡಿಸ್ಕ್‌ಗೆ ಏನಾದರೂ ಆದರೆ ನಿಮ್ಮ ಫೋನಿಗೆ ಸುದ್ದಿ ಬರುವ ಹಾಗೆ ಮಾಡಿ. ಹೀಗೆ ಹೇಳೋದಕ್ಕೆ ಕಾರಣ ಇದೆ.

ನಾಲ್ಕು ವರ್ಷದ ಹಿಂದೆ ನಾನೂ ಗ್ರಾಫಾನಾ ಹಾಕಿದ್ದೆ. ಕಪ್ಪು ಹಿನ್ನೆಲೆ, ಹಸಿರು ಗೆರೆಗಳು, ಸಿಪಿಯು, ರ‍್ಯಾಮ್, ನೆಟ್‌ವರ್ಕ್ ಎಲ್ಲ ಇತ್ತು. ಮನೆಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಒಂದು ದಿನ ಬೇರೆ ಏನೋ ಕೆಲಸಕ್ಕೆ ಟರ್ಮಿನಲ್ ತೆರೆದೆ. ಪ್ರೋಕ್ ಫೋಲ್ಡರ್‌ನಲ್ಲಿ ಎಂಡಿಸ್ಟ್ಯಾಟ್ ಅಂತ ಒಂದು ಫೈಲ್ ಇರುತ್ತದೆ, ರೇಡ್‌ನ (ಮಿರರ್‌ನಂತೆ ಡಿಸ್ಕ್‌ಗಳನ್ನು ಜೋಡಿಸುವ ವ್ಯವಸ್ಥೆ) ಸ್ಥಿತಿ ಅದರಲ್ಲಿ ಕಾಣುತ್ತದೆ. ಮಿರರ್ ಸರಿಯಾಗಿದ್ದರೆ ಚೌಕ ಕಂಸದೊಳಗೆ ಎರಡು 'ಯು' ಅಕ್ಷರ ಇರಬೇಕು. ನನ್ನದರಲ್ಲಿ ಒಂದು 'ಯು', ಪಕ್ಕದಲ್ಲಿ ಒಂದು ಅಡಿಗೆರೆ! ಲಾಗ್ ತೆಗೆದು ನೋಡಿದರೆ ಆ ಡಿಸ್ಕ್ ಮಿರರ್‌ನಿಂದ ಹೊರಬಿದ್ದು ಆರು ವಾರ ಆಗಿತ್ತು. ಅಷ್ಟು ದಿನ ಮಕ್ಕಳ ಫೋಟೋ ಎಲ್ಲ ಒಂದೇ ಡಿಸ್ಕ್ ಮೇಲೆ ನಿಂತಿತ್ತು. ಡ್ಯಾಶ್‌ಬೋರ್ಡ್ ಮಾತ್ರ ಹಸಿರಾಗಿ ನಗ್ತಾ ಇತ್ತು, ಯಾಕೆಂದರೆ ರೇಡ್ ನೋಡು ಅಂತ ನಾನು ಅದಕ್ಕೆ ಹೇಳಿಯೇ ಇರಲಿಲ್ಲ.

ತಪ್ಪು ಡಿಸ್ಕ್‌ನದ್ದೂ ಅಲ್ಲ. ಪೆಟ್ಟಿಗೆಯನ್ನು ಹಾಲ್‌ನಿಂದ ಅಟ್ಟಕ್ಕೆ ಸಾಗಿಸುವಾಗ ಡಿಸ್ಕ್‌ನ ಸಾಟಾ ಕೇಬಲ್ ಸಡಿಲವಾಗಿತ್ತು. ಕೇಬಲ್ ಬದಲಿಸಿದೆ, ಡಿಸ್ಕನ್ನು ಮತ್ತೆ ಸೇರಿಸಿದೆ, ರಾತ್ರಿಯೆಲ್ಲ ರೀಬಿಲ್ಡ್ ಆಯಿತು, ಅಂದರೆ ಡೇಟಾ ಮತ್ತೆ ಅದಕ್ಕೆ ನಕಲಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಹಾಗಾಗಿ ಮೊದಲು ಓಪನ್‌ಮೀಡಿಯಾವಾಲ್ಟ್‌ನ ಒಳಗೇ ಇರುವುದನ್ನು ಬಳಸಿ. ನೋಟಿಫಿಕೇಶನ್ ಮೆನುವಿನಲ್ಲಿ ಇಮೇಲ್ ಸೆಟ್ ಮಾಡಿ. ಜಿಮೇಲ್ ಆದರೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. 2022ರ ಮೇ ಕೊನೆಯಿಂದ ಗೂಗಲ್ ಅದನ್ನು ನಿಲ್ಲಿಸಿದೆ. ಎರಡು ಹಂತದ ಲಾಗಿನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಹಾಕಿ. ಪೋರ್ಟ್ 587. ಆಮೇಲೆ ಟೆಸ್ಟ್ ಬಟನ್ ಒತ್ತಿ, ಮೇಲ್ ನಿಜವಾಗಿ ಫೋನಿಗೆ ಬಂತಾ ನೋಡಿ. ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದರೆ ಅದು ಬಂದ ಲೆಕ್ಕ ಅಲ್ಲ.

ನಂತರ ಸ್ಟೋರೇಜ್ ಮೆನುವಿನಲ್ಲಿ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಆನ್ ಮಾಡಿ. ಪವರ್ ಮೋಡ್ ಅನ್ನು 'ಸ್ಟ್ಯಾಂಡ್‌ಬೈ' ಅಂತ ಇಡಿ. ಇಲ್ಲದಿದ್ದರೆ ಮಲಗಿರುವ ಡಿಸ್ಕನ್ನು ಪ್ರತಿ ಸಲ ಎಬ್ಬಿಸಿ 'ಆರಾಮಾ?' ಅಂತ ಕೇಳಿದ ಹಾಗಾಗುತ್ತದೆ. ಸ್ಮಾರ್ಟ್‌ನ ಪಟ್ಟಿ ಉದ್ದ ಇರುತ್ತದೆ, ಎಲ್ಲ ನೋಡಬೇಕಿಲ್ಲ. 5, 197, 198 ಈ ಮೂರು ನಂಬರ್ ನೋಡಿ. 5 ಅಂದರೆ ಕೆಟ್ಟು ಬೇರೆ ಕಡೆಗೆ ಸಾಗಿಸಿದ ಸೆಕ್ಟರ್‌ಗಳು (ಡಿಸ್ಕ್ ಮೇಲಿನ ಚಿಕ್ಕ ಚಿಕ್ಕ ತುಂಡುಗಳು). 197 ಅಂದರೆ ಓದಲಾಗದೆ ಅನುಮಾನದಲ್ಲಿ ಇಟ್ಟವು. 198 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿದಾಗಲೂ ಓದಲು ಆಗದಿದ್ದವು. ಮೂರರಲ್ಲೂ 'ರಾ ವ್ಯಾಲ್ಯೂ', ಅಂದರೆ ನಿಜವಾದ ಎಣಿಕೆ, ಸೊನ್ನೆ ಇರಬೇಕು. 199 (ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ) ಏರುತ್ತಿದ್ದರೆ ಬಹುತೇಕ ಕೇಬಲ್‌ನ ಕತೆ, ನನ್ನದರಂತೆ. ಕೇಬಲ್ ಬದಲಿಸಿದ ಮೇಲೂ ಆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ. ಮತ್ತೆ ಏರದಿದ್ದರೆ ಸರಿಹೋಯಿತು ಅಂತ ತಿಳಿಯಿರಿ.

ಇಷ್ಟು ಮಾಡಿದರೆ ಡಿಸ್ಕ್ ಸಾಯುವ ಮುನ್ನ ಖಂಡಿತ ಹೇಳುತ್ತದೆ ಅಂತ ನಂಬಬೇಡಿ. ಗೂಗಲ್‌ನವರು 2007ರಲ್ಲಿ ತಮ್ಮ ಡಿಸ್ಕ್‌ಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಡದೇ ಹೋಗಿದ್ದವು. ಆದರೆ ಅದರಲ್ಲೇ ಇನ್ನೊಂದು ಮಾತೂ ಇದೆ. ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನನ್ನು ತಾನೇ ತಪಾಸಿಸುವಾಗ ಸಿಗುವ ದೋಷ) ಬಂದ ಡಿಸ್ಕ್, ಮುಂದಿನ 60 ದಿನದಲ್ಲಿ ಕೆಡುವ ಸಾಧ್ಯತೆ ಅಂಥ ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಜಾಸ್ತಿ. ಅಂದರೆ ಸುಮ್ಮನಿದೆ ಅಂತ ನಿಶ್ಚಿಂತೆ ಬೇಡ, ಕೂಗಿದರೆ ತಡ ಮಾಡಬೇಡಿ. ಬ್ಯಾಕಪ್ ಬೇರೆ ಕಡೆ ಇದೆ ತಾನೆ? ಮಿರರ್ ಅನ್ನೋದು ಬ್ಯಾಕಪ್ ಅಲ್ಲ.

ಈಗ ನಿಮ್ಮ ಗ್ಲಾನ್ಸಸ್. ಡಿಸ್ಕ್ ಕಾಣದಿರುವುದು ಅದರ ದೋಷವಲ್ಲ. ಕಂಟೇನರ್ ಅಂದರೆ ಕಿಟಕಿ ಇಲ್ಲದ ಕೋಣೆ. ಒಳಗಿನದ್ದು ಮಾತ್ರ ಅದಕ್ಕೆ ಕಾಣುತ್ತದೆ, ನೀವೇ ಕಿಟಕಿ ತೆರೆದು ಕೊಡಬೇಕು. ಕಂಪೋಸ್ ಫೈಲ್‌ನಲ್ಲಿ (ಕಂಟೇನರ್‌ನ ಸೆಟ್ಟಿಂಗ್‌ಗಳನ್ನು ಬರೆಯುವ ಫೈಲ್) ಮೂರು ಕಡೆ ಕೈ ಹಾಕಿ. ಪಿಐಡಿ (ಪ್ರೋಸೆಸ್ ನಂಬರ್) ಸೆಟ್ಟಿಂಗನ್ನು 'ಹೋಸ್ಟ್' ಮಾಡಿ, ಆಗ ಇಡೀ ಯಂತ್ರದ ಪ್ರೋಸೆಸ್‌ಗಳು ಕಾಣುತ್ತವೆ. ನೆಟ್‌ವರ್ಕ್ ಕೂಡ 'ಹೋಸ್ಟ್' ಮಾಡಿ. ಇಲ್ಲದಿದ್ದರೆ ಕಂಟೇನರ್‌ನ ಸ್ವಂತ ಟ್ರಾಫಿಕ್ ಮಾತ್ರ ತೋರಿಸುತ್ತದೆ. ಮೂರನೆಯದು ನಿಮಗೆ ಬೇಕಾದದ್ದು: ಓಪನ್‌ಮೀಡಿಯಾವಾಲ್ಟ್ ಡೇಟಾ ಡಿಸ್ಕ್‌ಗಳನ್ನು 'ಎಸ್‌ಆರ್‌ವಿ' ಎಂಬ ಫೋಲ್ಡರ್ ಕೆಳಗೆ ಉದ್ದುದ್ದ ಹೆಸರಿನಲ್ಲಿ ಮೌಂಟ್ ಮಾಡಿರುತ್ತದೆ, ಅಂದರೆ ಜೋಡಿಸಿರುತ್ತದೆ. ಅದನ್ನು ಓದಲು ಮಾತ್ರ ಅನುಮತಿ ಕೊಟ್ಟು ಕಂಟೇನರ್‌ಗೆ ಮೌಂಟ್ ಮಾಡಿ. ವೆಬ್ ಪುಟ ಬೇಕಾದರೆ ಗ್ಲಾನ್ಸಸ್‌ನ ಆಪ್ಶನ್ ವೇರಿಯಬಲ್‌ನಲ್ಲಿ ವೆಬ್ ಮೋಡ್ ಹಾಕಿ. ಆಮೇಲೆ ಬ್ರೌಸರ್‌ನಲ್ಲಿ ನಾಸ್‌ನ ಐಪಿ, ಪೋರ್ಟ್ 61208.

ಅಲ್ಲಿ ಇಲ್ಲಿ ಸಿಗುವ ಕಂಪೋಸ್ ಫೈಲ್‌ಗಳಲ್ಲಿ ಡಾಕರ್ ಸಾಕೆಟ್ (ಡಾಕರ್‌ಗೆ ಆಜ್ಞೆ ಕೊಡುವ ದಾರಿ) ಅನ್ನೂ ಮೌಂಟ್ ಮಾಡಿರುತ್ತಾರೆ. ಅದು ಪ್ರತಿ ಕಂಟೇನರ್‌ನ ಲೆಕ್ಕ ತೋರಿಸಲಿಕ್ಕೆ. ಸಾಕೆಟ್ ಕೊಡುವುದು ಅಂದರೆ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟ ಹಾಗೆ. 'ಓದಲು ಮಾತ್ರ' ಅಂತ ಬರೆದರೂ ಅದರ ಮೂಲಕ ಆಜ್ಞೆ ಕಳಿಸುವುದು ನಿಲ್ಲುವುದಿಲ್ಲ. ನಿಮಗೆ ಬೇಡವಾದರೆ ಆ ಸಾಲು ತೆಗೆದುಬಿಡಿ. ರೂಟರ್‌ನಲ್ಲಿ ಈ ಪೋರ್ಟನ್ನು ಹೊರಜಗತ್ತಿಗಂತೂ ತೆರೆಯಬೇಡಿ. ಹೊರಗಿನಿಂದ ನೋಡಲೇಬೇಕು ಅಂದರೆ ಟೇಲ್‌ಸ್ಕೇಲ್ ಅಥವಾ ವೈರ್‌ಗಾರ್ಡ್‌ನಂಥ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಖಾಸಗಿ ದಾರಿ) ಹಾಕಿಕೊಳ್ಳಿ. ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಿಗೆ ಸ್ವಂತ ಪಬ್ಲಿಕ್ ಐಪಿಯೇ ಇರುವುದಿಲ್ಲ, ಪೋರ್ಟ್ ತೆರೆದರೂ ಪ್ರಯೋಜನವಿಲ್ಲ.

ಭಾನುವಾರದ ಒಗಟಿಗೆ ಬರೋಣ. ನನ್ನ ಊಹೆ ಇದು: ಓಪನ್‌ಮೀಡಿಯಾವಾಲ್ಟ್ ಕೆಳಗಿರುವುದು ಡೆಬಿಯನ್ ಎಂಬ ಲಿನಕ್ಸ್. ಡೆಬಿಯನ್ ತಿಂಗಳ ಮೊದಲ ಭಾನುವಾರ, ಶನಿವಾರ ರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ರೇಡ್ ತಪಾಸಣೆ ಶುರು ಮಾಡುತ್ತದೆ. ಎರಡೂ ಡಿಸ್ಕನ್ನು ತುದಿಯಿಂದ ತುದಿಗೆ ಓದಿ ಹೋಲಿಸುತ್ತದೆ. ಲೆಕ್ಕ ಹಾಕಿ. ಸೆಕೆಂಡಿಗೆ 150 ಎಂಬಿ ಓದಿದರೂ 4 ಟಿಬಿ ಮುಗಿಯಲು ಏಳು ಗಂಟೆಗಿಂತ ಜಾಸ್ತಿ ಬೇಕು. ಡಿಸ್ಕ್‌ನ ಒಳಸುತ್ತುಗಳಲ್ಲಿ ವೇಗ ಇನ್ನೂ ಕಡಿಮೆ. ಅಂದರೆ ನೀವು ತಿಂಡಿ ತಿಂದು ಸಿನಿಮಾ ಹಾಕುವ ಹೊತ್ತಿಗೆ ತಪಾಸಣೆ ಇನ್ನೂ ಓಡುತ್ತಿರಬಹುದು. ಆ ಹೊತ್ತಲ್ಲಿ ಎಂಡಿಸ್ಟ್ಯಾಟ್ ತೆರೆದರೆ 'ಚೆಕ್' ಅಂತ ಶೇಕಡಾ ಸಮೇತ ಕಾಣಬೇಕು. ಕಂಡರೆ ಅದನ್ನು ಆಫ್ ಮಾಡಬೇಡಿ, ಒಳ್ಳೆಯ ಕೆಲಸ ಅದು. ವೇಗದ ಮಿತಿ ತಗ್ಗಿಸಿ, ಇಲ್ಲವೇ ನೀವು ಕೆಲಸಕ್ಕೆ ಹೋಗಿರುವ ದಿನಕ್ಕೆ ಬದಲಿಸಿ.

ಆ ದಿನ ಗ್ಲಾನ್ಸಸ್‌ನಲ್ಲಿ ಲೋಡ್ 4 ಅಥವಾ 5 ತೋರಿಸಬಹುದು, ಸಿಪಿಯು ಮಾತ್ರ ಶೇಕಡಾ 10ರಲ್ಲೇ ಇರಬಹುದು. ಗಾಬರಿ ಬೇಡ. ಲಿನಕ್ಸ್‌ನ ಲೋಡ್ ಲೆಕ್ಕದಲ್ಲಿ ಸಿಪಿಯುಗಾಗಿ ಕಾಯುವವರ ಜೊತೆಗೆ ಡಿಸ್ಕ್‌ಗಾಗಿ ಕಾಯುವವರೂ ಸೇರುತ್ತಾರೆ. ರೇಷನ್ ಅಂಗಡಿ ಮುಂದೆ ಉದ್ದ ಸಾಲು ಇದೆ ಅಂದರೆ ತೂಕ ಮಾಡುವವನು ಬಿಜಿ ಅಂತಲೇ ಅಲ್ಲ. ಒಳಗಿಂದ ಮೂಟೆ ಬರುವುದು ತಡವಾಗಿರಬಹುದು, ಅಲ್ವಾ? ಹಾಗಾಗಿ ನಾಸ್‌ನಲ್ಲಿ ಐಒ ವೇಟ್ (ಡಿಸ್ಕ್‌ಗಾಗಿ ಕಾದ ಹೊತ್ತು) ಎಷ್ಟಿದೆ ಅಂತ ನೋಡಿ. ರ‍್ಯಾಮ್ ವಿಷಯವೂ ಹೀಗೇ. 'ಫ್ರೀ' ಕಡಿಮೆ ಕಂಡರೆ ಹೆದರಬೇಡಿ, ಖಾಲಿ ರ‍್ಯಾಮನ್ನು ಲಿನಕ್ಸ್ ಫೈಲ್ ಕ್ಯಾಶ್‌ಗೆ ಬಳಸುತ್ತದೆ. 'ಅವೇಲಬಲ್' ಎಷ್ಟಿದೆ ನೋಡಿ.

ಪ್ರೊಮಿಥಿಯಸ್, ಗ್ರಾಫಾನಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದೇ ಪೆಟ್ಟಿಗೆಗೆ ಅದು ಮದುವೆ ಅಡುಗೆಯ ಪಾತ್ರೆ. ಕಲಿಯುವ ಆಸೆ ಇದ್ದರೆ ಹಾಕಿ, ಖುಷಿ ಕೊಡುತ್ತದೆ. ನೆಟ್‌ಡೇಟಾ ಎಂಬ ಇನ್ನೊಂದು ಮಾನಿಟರಿಂಗ್ ಟೂಲ್ ಕೂಡ ಚೆನ್ನಾಗಿದೆ. ಆದರೆ ಅದು ಸೆಕೆಂಡಿಗೊಮ್ಮೆ ಲೆಕ್ಕ ತೆಗೆದು ಡಿಸ್ಕ್‌ಗೆ ಬರೆಯುತ್ತಲೇ ಇರುತ್ತದೆ. ನಿಮ್ಮ ಓಎಸ್ ಪೆನ್‌ಡ್ರೈವ್ ಮೇಲೆ ಇದ್ದರೆ ಅದರ ಡೇಟಾಬೇಸ್ ಮೋಡನ್ನು ರ‍್ಯಾಮ್‌ಗೆ ಬದಲಿಸಿ, ಇಲ್ಲದಿದ್ದರೆ ಪೆನ್‌ಡ್ರೈವ್ ಬೇಗ ಸವೆಯುತ್ತದೆ.

ಇನ್ನೊಂದೇ ಒಂದು ಟೂಲ್ ಹಾಕುವುದಾದರೆ ಸ್ಕ್ರೂಟಿನಿ ಹಾಕಿ. ಸ್ಮಾರ್ಟ್ ಲೆಕ್ಕವನ್ನು ದಿನಕ್ಕೊಮ್ಮೆ ತೆಗೆದು, ಇತಿಹಾಸ ಇಟ್ಟುಕೊಂಡು, 8080 ಪೋರ್ಟ್‌ನಲ್ಲಿ ತೋರಿಸುತ್ತದೆ. ಇದಕ್ಕೂ ಅದೇ ಕಿಟಕಿ ಸಮಸ್ಯೆ. ಪ್ರತಿ ಡಿಸ್ಕನ್ನೂ ಡಿವೈಸ್ ಆಗಿ ಕೊಡಬೇಕು, ಜೊತೆಗೆ ರಾ ಐಒ (ಡಿಸ್ಕ್ ಜೊತೆ ನೇರವಾಗಿ ಮಾತಾಡುವ) ಅನುಮತಿ ಬೇಕು.

ನಾಸ್ ಪೂರ್ತಿ ಸತ್ತರೆ ಅದರೊಳಗಿನ ಯಾವ ಟೂಲೂ ಮೇಲ್ ಕಳಿಸುವುದಿಲ್ಲ. ಕರೆಂಟ್ ಹೋಗಿ ಬಂದಾಗ ನನ್ನದು ಎರಡು ಸಲ ಏಳಲೇ ಇಲ್ಲ. ಅದಕ್ಕೇ ಇನ್ನೊಂದು ಹಳೇ ರಾಸ್ಪ್‌ಬೆರಿ ಪೈನಲ್ಲಿ ಅಪ್‌ಟೈಮ್ ಕುಮಾ ಹಾಕಿದ್ದೇನೆ, ಅದು ನಾಸ್‌ಗೆ ಪಿಂಗ್ ಮಾಡಿ ಉತ್ತರ ಬರದಿದ್ದರೆ ಟೆಲಿಗ್ರಾಂಗೆ ಮೆಸೇಜ್ ಹಾಕುತ್ತದೆ. ನಿಮ್ಮ ಹತ್ತಿರ ಬೇರೆ ಯಂತ್ರ ಇಲ್ಲದಿದ್ದರೆ ಸದ್ಯಕ್ಕೆ ಬಿಡಿ, ಇಮೇಲ್ ಮತ್ತು ಸ್ಮಾರ್ಟ್ ಮುಗಿಸಿ.

ಬರುವ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಸಿನಿಮಾ ತಡವರಿಸಿದರೆ ಎಂಡಿಸ್ಟ್ಯಾಟ್‌ನಲ್ಲಿ ಕಂಡದ್ದನ್ನು ಹಾಗೇ ಕೆಳಗೆ ಬರೆಯಿರಿ. 'ಚೆಕ್' ಕಾಣದಿದ್ದರೆ ನನ್ನ ಊಹೆ ತಪ್ಪು. ಆಗ ಆ ಹೊತ್ತಿನ ಪ್ರೋಸೆಸ್ ಪಟ್ಟಿಯನ್ನೂ ಹಾಕಿ, ನೋಡೋಣ.