ಸಿ ಭಾಷೆಯಲ್ಲಿ ಇಷ್ಟು ಬೈಟ್ ಮೆಮೊರಿ ಬೇಕು ಅಂತ ಕೇಳುವ ಫಂಕ್ಷನ್ ಮ್ಯಾಲಾಕ್ (malloc). ಅದಕ್ಕೆ ಸೊನ್ನೆ ಕೊಟ್ಟರೆ ಏನು ಸಿಗುತ್ತದೆ?

ಎರಡರಲ್ಲೊಂದು: ನಲ್ ಪಾಯಿಂಟರ್ (ಯಾವ ಜಾಗವನ್ನೂ ತೋರಿಸದ ಖಾಲಿ ವಿಳಾಸ), ಇಲ್ಲವೇ ನಲ್ ಅಲ್ಲದ ಒಂದು ವಿಳಾಸ. ಯಾವುದು ಅನ್ನೋದನ್ನು ಸಿ ಸ್ಟ್ಯಾಂಡರ್ಡ್, ಅಂದ್ರೆ ಭಾಷೆಯ ಅಧಿಕೃತ ನಿಯಮಾವಳಿ, ಮ್ಯಾಲಾಕ್ ಇರುವ ಲೈಬ್ರರಿಯನ್ನು ಬರೆಯುವವರಿಗೇ ಬಿಟ್ಟಿದೆ. ನಲ್ ಅಲ್ಲದ ವಿಳಾಸ ಬಂದರೂ ಅಲ್ಲಿ ಓದುವಂತಿಲ್ಲ, ಬರೆಯುವಂತಿಲ್ಲ. ಫ್ರೀ (free) ಮಾಡಿ ವಾಪಸ್ ಕೊಡಬಹುದು, ಅಷ್ಟೇ.

ಏನೂ ಇಡದ ಜಾಗಕ್ಕೆ ವಿಳಾಸ ಯಾಕೆ ಅಲ್ವಾ? ಉಡುಪಿ ಕೃಷ್ಣ ಮಠಕ್ಕೆ ಹೋದಾಗ ಖಾಲಿ ಚೀಲ ಕೊಟ್ಟು ಟೋಕನ್ ತಗೊಂಡಿರಿ ಅಂದುಕೊಳ್ಳಿ. ಚೀಲ ಖಾಲಿಯಾದರೂ ನಂಬರ್ ಬೇರೆಯೇ ಬೇಕು, ಇಲ್ಲದಿದ್ರೆ ಅದು ಪಕ್ಕದವರ ಕೈ ಸೇರುತ್ತದೆ. ಇಲ್ಲೂ ಹಾಗೇ. ಮೊದಲನೆಯದನ್ನು ಫ್ರೀ ಮಾಡದೆ ಇನ್ನೊಮ್ಮೆ ಕೇಳಿದರೆ ಬೇರೆ ವಿಳಾಸವೇ ಬರಬೇಕು. ಅದಕ್ಕೇ ಸೊನ್ನೆ ಕೇಳಿದ್ರೂ ಮೆಮೊರಿ ಖರ್ಚಾಗುತ್ತದೆ: 64 ಬಿಟ್ ಲಿನಕ್ಸಿನಲ್ಲಿ ಬಳಸುವ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ (glibc) 32 ಬೈಟ್!

ನಲ್ ಬಂದ ಕೂಡಲೇ ಸುಮ್ನೆ 'ಮೆಮೊರಿ ಮುಗಿಯಿತು' ಅಂತ ಎರರ್ ತೋರಿಸಬೇಡಿ. ಕೇಳಿದ್ದೇ ಸೊನ್ನೆಯಾ ಅಂತ ಮೊದಲು ನೋಡಿ.