ಬಿಪಿ ನೋಡುವಾಗ ಸ್ಟೆತಾಸ್ಕೋಪಿನಲ್ಲಿ ಏನೂ ಕೇಳಿಸುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ನರ್ಸಿಂಗ್ ಕಲಿಯುತ್ತಿದ್ದೀರಿ, ಕಿವಿಗೆ ಏನೂ ಬೀಳದೆ ಬಿಪಿ ಮೀಟರಿನ ಮುಳ್ಳು ಕುಣಿಯುವುದನ್ನು ನೋಡಿ ಅಂಕಿ ಬರೆಯುತ್ತಿದ್ದೀರಿ ಅಂದಿರಿ. ಮೊದಲು ಅದನ್ನು ಬಿಡಿ. ಮುಳ್ಳು ನಿಜವಾದ ಸಿಸ್ಟೋಲಿಕ್‌ಗಿಂತ (ಬಿಪಿಯ ಮೇಲಿನ ಅಂಕಿಗಿಂತ) ಮೇಲೆಯೇ ಕುಣಿಯಲು ಶುರು ಮಾಡುತ್ತದೆ.

ನಾನೂ ಶುರುವಿನಲ್ಲಿ ನನ್ನ ಕಿವಿಯೇ ಮಂದ ಅಂದುಕೊಂಡಿದ್ದೆ. ಸೀನಿಯರ್ ಒಬ್ಬರು ಬಂದು, ನನ್ನ ಕಿವಿಯಲ್ಲಿದ್ದ ಸ್ಟೆತ್‌ನ ತಲೆಯನ್ನು ಬೆರಳಿಂದ ತಟ್ಟಿದರು. ಸದ್ದಿಲ್ಲ. ತಲೆಯನ್ನು ಅರ್ಧ ಸುತ್ತು ತಿರುಗಿಸಿ ತಟ್ಟಿದರು, ಢಬ್ ಅಂತು! ಎರಡು ಮುಖದ ಸ್ಟೆತ್‌ನಲ್ಲಿ ಒಂದು ಸಲಕ್ಕೆ ಒಂದೇ ಮುಖ ತೆರೆದಿರುತ್ತದೆ. ಕಿವಿಯ ತುದಿಗಳೂ ಮೂಗಿನ ಕಡೆಗೆ ಬಾಗಿರಬೇಕು.

ತಟ್ಟಿದ್ದು ಕೇಳಿಸಿಯೂ ತೋಳಿನಲ್ಲಿ ಸದ್ದಿಲ್ಲವಾದರೆ ಜಾಗ ತಪ್ಪಿದೆ. ರೋಗಿಯ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ನೆಟ್ಟಗಿರಲಿ. ಮಡಿಕೆಯ ನಡುವೆ ಹಗ್ಗದಂಥ ಸ್ನಾಯುರಜ್ಜು ಸಿಗುತ್ತದೆ. ಅದರ ಒಳಬದಿಗೆ, ಅಂದರೆ ಕಿರುಬೆರಳಿನ ಕಡೆಗೆ, ಬೆರಳು ಜಾರಿಸಿದರೆ ನಾಡಿ ಮಿಡಿಯುತ್ತದೆ. ಸ್ಟೆತ್ ಅಲ್ಲಿಗೇ, ತೋಳಿಗೆ ಸುತ್ತಿದ ಗಾಳಿ ಪಟ್ಟಿಯ ಅಡಿಗೆ ತುರುಕಬೇಡಿ. ಅಂದಹಾಗೆ, ಗಾಳಿ ತುಂಬದೆ ಆಲಿಸಿದರೆ ಅಲ್ಲಿ ಮೌನವೇ ಸರಿ. ಅರ್ಧ ಅದುಮಿದ ರಕ್ತನಾಳದಲ್ಲಿ ಮಾತ್ರ ಸದ್ದು ಹುಟ್ಟುತ್ತದೆ. 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕೊವ್ ಗುರುತಿಸಿದ್ದು ಅದನ್ನೇ. ಎದೆಯ ಲಬ್‌ಡಬ್‌ಗೆ ಕಾಯುತ್ತಾ ಕೂತರೆ ಬರುವುದಿಲ್ಲ.

ಇನ್ನು ಮುಖ್ಯ ವಿಷಯ. ಕಿವಿಗಿಂತ ಮೊದಲು ಬೆರಳನ್ನು ನಂಬಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ಅದು ಎಲ್ಲಿ ಮಾಯವಾಯಿತು ನೋಡಿ. 130 ಅನ್ನಿ. ಪೂರ್ತಿ ಗಾಳಿ ಬಿಟ್ಟು ಒಂದು ನಿಮಿಷ ತಡೆದು, ಈ ಸಲ 30 ಹೆಚ್ಚಿಸಿ 160ರವರೆಗೆ ಏರಿಸಿ, ಸೆಕೆಂಡಿಗೆ 2-3 ಮಿ.ಮೀ. ಇಳಿಯುವಂತೆ ಬಿಡಿ. ಹೊಸಬರು ಸ್ಕ್ರೂ ತಿರುಗಿಸಿದ ಕೂಡಲೇ ಮುಳ್ಳು ಧೊಪ್ಪೆಂದು ಬೀಳುತ್ತದೆ, ಕೇಳುವುದಕ್ಕೆ ಏನು ಉಳಿಯುತ್ತದೆ? ನಾಡಿ ನೋಡಿದ್ದರಿಂದ ಇನ್ನೊಂದು ಲಾಭವೂ ಇದೆ. ಕೆಲವು ಅಧಿಕ ರಕ್ತದೊತ್ತಡದವರಲ್ಲಿ ಸದ್ದು 190ಕ್ಕೆ ಶುರುವಾಗಿ, 170ರಲ್ಲಿ ನಿಂತು, 150ಕ್ಕೆ ಮತ್ತೆ ಬರುವುದುಂಟು. ಬೆರಳಿಟ್ಟು ನೋಡದೆ ಬರೀ 160ಕ್ಕೆ ಏರಿಸಿದವರು 150 ಎಂದು ಬರೆದು ಎದ್ದು ಹೋಗುತ್ತಾರೆ.

ಸದ್ದು ತಪ್ಪಿಹೋಯಿತೆಂದು ನಡುವೆ ಮತ್ತೆ ಪಂಪ್ ಮಾಡಬೇಡಿ, ರಕ್ತ ಕಟ್ಟಿಕೊಂಡು ಸದ್ದು ಇನ್ನೂ ಕ್ಷೀಣಿಸುತ್ತದೆ. ಪೂರ್ತಿ ಬಿಟ್ಟು, ಕೈಯನ್ನು ತಲೆಯ ಮೇಲೆ ಅರ್ಧ ನಿಮಿಷ ಎತ್ತಿಸಿ, ಎತ್ತಿದಂತೆಯೇ ಗಾಳಿ ತುಂಬಿ, ಎದೆಮಟ್ಟಕ್ಕೆ ಇಳಿಸಿ ಆಲಿಸಿ.

ಆಗಲೂ ಕೇಳಿಸದಿದ್ದರೆ, ಗಾಳಿ ಬಿಡುವಾಗ ಮಣಿಕಟ್ಟಿನ ನಾಡಿ ಮರಳಿದ ಅಂಕಿಯನ್ನಷ್ಟೇ ಬರೆದು, ‘ನಾಡಿ ಹಿಡಿದು ನೋಡಿದ್ದು’ ಎಂದು ಪಕ್ಕದಲ್ಲಿ ಸೇರಿಸಿ. ಕೆಳಗಿನ ಅಂಕಿಯ ಜಾಗ ಖಾಲಿ ಇರಲಿ.