ದೊಡ್ಡ ಮರಿ ಮಾರಾಟಕ್ಕೆ, ಸಣ್ಣ ಮರಿ ಬೀಜಕ್ಕೆ? – ನಾಟಿ ಕುರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 22 ನಾಟಿ ಕುರಿಗಳಿವೆ. ಹತ್ತು ವರ್ಷದ ಹಿಂದೆ ಮೂರು ತಿಂಗಳ ಮರಿ 12 ಕೆ.ಜಿ. ತೂಗುತ್ತಿತ್ತು. ಈಗ 9 ದಾಟುವುದೇ ಕಷ್ಟ. ಮೇವು ಮೊದಲಿನಷ್ಟೇ ಇದೆ. ನಾಟಿ ತಳಿಯ ಹಣೆಬರಹವೇ ಇಷ್ಟೇ?

ಉತ್ತರ: ಮೇವು ಕಡಿಮೆಯಾಗಿಲ್ಲ ಎನ್ನುವುದಾದರೆ, ಬೀಜದ ಟಗರು ಎಲ್ಲಿಂದ ಬಂತು ಎಂದು ಮೊದಲು ನೋಡಿ. ಸಣ್ಣ ಹಿಂಡುಗಳಲ್ಲಿ ಹೆಚ್ಚಾಗಿ ಆಗುವುದು ಹೀಗೆ: ಚೆನ್ನಾಗಿ ಬೆಳೆದ ಗಂಡುಮರಿಗೆ ಮೊದಲು ಗಿರಾಕಿ ಸಿಗುತ್ತದೆ, ಅದು ಹೋಗುತ್ತದೆ. ಯಾರೂ ಕೇಳದ ಸಣಕಲು ಮರಿ ಮಂದೆಯಲ್ಲೇ ಉಳಿದು ಟಗರಾಗುತ್ತದೆ. ಮುಂದಿನ ವರ್ಷದ ಅಷ್ಟೂ ಮರಿಗಳಿಗೆ ಅದೇ ತಂದೆ. ಹತ್ತು ವರ್ಷ ಹೀಗೆ ನಡೆದರೆ ಎಂಥ ತಳಿಯೂ ಕುಗ್ಗುತ್ತದೆ. ಜೊತೆಗೆ ಒಂದೇ ಟಗರು ಮೂರ್ನಾಲ್ಕು ವರ್ಷ ಉಳಿದರೆ ತನ್ನ ಹೆಣ್ಣುಮರಿಗಳನ್ನೇ ಹಾರುತ್ತದೆ. ರಕ್ತಸಂಬಂಧದ ಮರಿಗಳು ಹುಟ್ಟುವಾಗಲೇ ಸಣ್ಣಗಿರುತ್ತವೆ, ಸಾಯುವುದೂ ಹೆಚ್ಚು.

ಸರಿಪಡಿಸಲು ಒಂದು ನೋಟ್‌ಬುಕ್ಕು, ಒಂದು ತೂಗುತಕ್ಕಡಿ ಸಾಕು. ಹುಟ್ಟಿದ 24 ಗಂಟೆಯೊಳಗೆ ಒಂದು ತೂಕ, 90ನೇ ದಿನ ಇನ್ನೊಂದು. 2.2 ಕೆ.ಜಿ. ಹುಟ್ಟಿ 11.2 ಕೆ.ಜಿ.ಗೆ ಬಂದ ಮರಿ ದಿನಕ್ಕೆ 100 ಗ್ರಾಂ ಬೆಳೆದಿದೆ. ಒಂದೇ ಹಂಗಾಮಿನಲ್ಲಿ ಹುಟ್ಟಿದವನ್ನು ಮಾತ್ರ ಒಂದಕ್ಕೊಂದು ಹೋಲಿಸಿ. ಮಳೆಗಾಲದ ಹಸಿರು ತಿಂದ ತಾಯಿಯ ಮರಿಗೂ ಬೇಸಿಗೆಯ ಮರಿಗೂ ತಾಳೆ ಹಾಕಬಾರದು. ಅವಳಿ ಮರಿ, ಮೊದಲ ಸೂಲಿನ ಕುರಿಯ ಮರಿ ತೂಕದಲ್ಲಿ ಹಿಂದಿರುವುದು ಸಹಜ. ಒಂಟಿ ಮರಿ 11 ಕೆ.ಜಿ. ಇದ್ದಾಗ ಅವಳಿಯಲ್ಲೊಂದು 9.5 ಬಂದಿದ್ದರೆ ಅದನ್ನು ತಳ್ಳಿಹಾಕಬೇಡಿ, ಅದು ಅರ್ಧ ಹಾಲಿನಲ್ಲಿ ಬೆಳೆದದ್ದು.

90 ದಿನಕ್ಕೆ ಮುಂದಿರುವ ಮೂರು ಗಂಡುಮರಿಗಳನ್ನು ಎಷ್ಟೇ ಬೆಲೆ ಬಂದರೂ ಕೊಡದೆ ಇಟ್ಟುಕೊಳ್ಳಿ. ಒಂಬತ್ತು ತಿಂಗಳಿಗೆ ಮತ್ತೆ ತೂಗಿ ಒಂದನ್ನು ಆರಿಸಿ. ವೃಷಣಗಳೆರಡೂ ಸಮನಾಗಿ, ಗಟ್ಟಿಯಾಗಿ, ಗಂಟಿಲ್ಲದೆ ಇರಬೇಕು. ಕೆಳಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂರಬೇಕು. 25 ಕುರಿಗೆ ಒಂದು ಟಗರು ಸಾಕು. ತನ್ನ ಹೆಣ್ಣುಮರಿಗಳು ಬೆದೆಗೆ ಬರುವ ಮುಂಚೆ ಅದನ್ನು ಬದಲಿಸಿ. ಸಂಬಂಧವಿಲ್ಲದ ಹಿಂಡಿನವರ ಒಳ್ಳೆಯ ಟಗರಿನೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. ಬಂದ ಟಗರನ್ನು ಮೂರು ವಾರ ಬೇರೆ ಕಟ್ಟಿ. ಇನ್ನೊಂದು ಮಾತು: ಗಂಡುಮರಿ ಐದಾರು ತಿಂಗಳಿಗೇ ಗಬ್ಬ ಕಟ್ಟಿಸಬಲ್ಲದು. ನಾಲ್ಕು ತಿಂಗಳಿಗೆ ಉಳಿದವನ್ನು ಬೇರ್ಪಡಿಸದಿದ್ದರೆ ಈ ಆಯ್ಕೆಯೆಲ್ಲ ನೀರಿನಲ್ಲಿ ಹೋಮ.

ಪ್ರಶ್ನೆ: ದೊಡ್ಡ ಮೈಕಟ್ಟಿನ ಹೊರಗಿನ ತಳಿಯ ಟಗರು ತಂದರೆ ಬೇಗ ಲಾಭವಲ್ಲವೇ?

ಉತ್ತರ: ಮರಿಯ ಗಾತ್ರ ನೋಡಿ ತೀರ್ಮಾನಿಸಬೇಡಿ. ಒಂದು ಕುರಿ ವರ್ಷಕ್ಕೆ ಎಷ್ಟು ಕೆ.ಜಿ. ಮರಿಯನ್ನು ಹಾಲು ಬಿಡಿಸುವ ತನಕ ಉಳಿಸಿಕೊಟ್ಟಿತು, ಅದಕ್ಕೆ ತಿಂದದ್ದೆಷ್ಟು ಎಂದು ನೋಡಿ. ಉದಾಹರಣೆಗೆ 25 ಕೆ.ಜಿ.ಯ 20 ನಾಟಿ ಕುರಿಗಳಿಂದ 16 ಮರಿ ಉಳಿದು ತಲಾ 11 ಕೆ.ಜಿ. ತೂಗಿದರೆ ಕುರಿಯೊಂದಕ್ಕೆ 8.8 ಕೆ.ಜಿ. ಬಂತು. 40 ಕೆ.ಜಿ.ಯ 20 ಮಿಶ್ರತಳಿ ಕುರಿಗಳಿಂದ 12 ಮರಿ ಉಳಿದು ತಲಾ 15 ಕೆ.ಜಿ. ತೂಗಿದರೆ 9 ಕೆ.ಜಿ. ಬಂತು. ವ್ಯತ್ಯಾಸ 200 ಗ್ರಾಂ. ಆದರೆ ಮೈತೂಕದ ಶೇ. 3.5ರಷ್ಟು ಒಣಮೇವಿನ ಲೆಕ್ಕ ಹಿಡಿದರೆ ನಾಟಿ ಹಿಂಡಿಗೆ ದಿನಕ್ಕೆ 17.5 ಕೆ.ಜಿ., ಮಿಶ್ರತಳಿಗೆ 28 ಕೆ.ಜಿ. ಬೇಕು. ಕೊಟ್ಟಿಗೆಯಲ್ಲಿ ಕಟ್ಟಿ ಹೊಟ್ಟೆ ತುಂಬ ಹಾಕುವವರಿಗೆ ಮಿಶ್ರತಳಿ ಹೊಂದೀತು. ಬಯಲಲ್ಲಿ ಮೇಯಿಸುವವರಿಗೆ ಅಲ್ಲ. ಮೊದಲ ತಲೆಮಾರಿನ ಕಸುವು ಮುಂದಿನ ತಲೆಮಾರುಗಳಲ್ಲಿ ಕರಗುತ್ತದೆ ಎಂಬುದೂ ನೆನಪಿರಲಿ.

ನಾಟಿ ಕುರಿಯ ಗುಣ ತಕ್ಕಡಿಯಲ್ಲಿ ಪೂರ್ತಿ ಕಾಣುವುದಿಲ್ಲ. ಪೂರ್ವ ಆಫ್ರಿಕಾದ ಕೆಂಪು ಮಸಾಯ್ ಕುರಿ ರಕ್ತ ಹೀರುವ ಜಂತನ್ನು ತಡೆದುಕೊಳ್ಳುತ್ತದೆ. ಕೀನ್ಯಾದ ತೇವದ ಕರಾವಳಿಯಲ್ಲಿ ದೊಡ್ಡ ಮೈಯ ಡಾರ್ಪರ್ ತಳಿಯೊಂದಿಗೆ ಹೋಲಿಸಿದಾಗ ಉತ್ಪಾದನೆಯಲ್ಲಿ ಮುಂದಿದ್ದದ್ದು ಈ ಮಸಾಯ್ ಕುರಿಯೇ. ಡಾರ್ಪರ್ ಮರಿಗಳು ಹೆಚ್ಚು ಸತ್ತವು.

ಪ್ರಶ್ನೆ: ದೊಡ್ಡ ಕುರಿಯನ್ನು ತಕ್ಕಡಿಗೆ ಹಾಕುವುದು ಕಷ್ಟ. ಬೇರೆ ದಾರಿ?

ಉತ್ತರ: ದರ್ಜಿಯ ಟೇಪು ಸಾಕು. ಬೆಳಿಗ್ಗೆ ಮೇವು, ನೀರು ಕೊಡುವ ಮುಂಚೆ ಸಮ ನೆಲದಲ್ಲಿ ನಾಲ್ಕೂ ಕಾಲು ನೇರ ನಿಲ್ಲಿಸಿ. ಮುಂಗಾಲಿನ ಹಿಂದೆಯೇ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 70, ಉದ್ದ 62 ಇದ್ದರೆ ತೂಕ ಸುಮಾರು 28 ಕೆ.ಜಿ. ಉಣ್ಣೆಯ ಮೇಲೆಯೇ ಟೇಪು ಸುತ್ತಿದರೆ ಲೆಕ್ಕ ಕೆಡುತ್ತದೆ: ಅದೇ ಕುರಿಯ ಸುತ್ತಳತೆ 74 ಎಂದು ಬಂದರೆ ಮೂರು ಕೆ.ಜಿ. ಸುಳ್ಳು ತೂಕ. ಉಣ್ಣೆ ಸರಿಸಿ, ಟೇಪು ಚರ್ಮಕ್ಕೆ ತಾಗಲಿ. ಗಬ್ಬದ ಕುರಿಗೆ ಈ ಲೆಕ್ಕ ಬೇಡ.

ಪ್ರಶ್ನೆ: ನಾಟಿ ಕುರಿ ಅವಳಿ ಹಾಕುವಂತೆ ಮಾಡಬಹುದೇ?

ಉತ್ತರ: ಟಗರು ಬಿಡುವ ಎರಡು ವಾರ ಮುಂಚಿನಿಂದ ಕುರಿಗೆ ದಿನಕ್ಕೆ 250 ಗ್ರಾಂ ಕಾಳಿನ ನುಚ್ಚು ಕೊಟ್ಟರೆ, ಸೊರಗಿದ ಕುರಿಗಳಲ್ಲಿ ಬೆದೆಯೂ ಅವಳಿಯೂ ಹೆಚ್ಚುತ್ತವೆ. ಮೈತುಂಬಿದ ಕುರಿಗೆ ಇದರಿಂದ ಅಷ್ಟು ಉಪಯೋಗವಿಲ್ಲ. ವಂಶದಲ್ಲೇ ಅವಳಿ ಬೇಕೆಂದರೆ ಸುಂದರಬನದ ಗರೋಲ್ ಕುರಿಯಲ್ಲಿರುವ, ಒಂದೇ ಸೂಲಿಗೆ ಒಂದಕ್ಕಿಂತ ಹೆಚ್ಚು ಮರಿ ಹಾಕಿಸುವ ಫೆಕ್‌ಬಿ ಜೀನ್ ಇದೆ. ಅದನ್ನು ದಖ್ಖನಿ ಕುರಿಗೆ ಸೇರಿಸಿ ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ನಾರಿ ಸುವರ್ಣ ಕುರಿಯನ್ನು ರೂಪಿಸಿದೆ.

ಆದರೆ ತಾಯಿಗೆ ಹಾಲಿಲ್ಲದಿದ್ದರೆ ಅವಳಿ ಎರಡೂ ಹೋಗುತ್ತವೆ. ಗಬ್ಬದ ಕೊನೆಯ 45 ದಿನ ಹಿಂಡಿ, ಕಾಳು ಸೇರಿ 200–250 ಗ್ರಾಂ ಹೆಚ್ಚಿಗೆ ಹಾಕಿ. ಈದ ಕೂಡಲೇ ಮೊಲೆಯನ್ನು ಎರಡು ಸಲ ಹಿಂಡಿ. ತುದಿಯಲ್ಲಿ ಮೇಣದಂಥ ಬಿರಡೆ ಕಟ್ಟಿರುತ್ತದೆ, ಬಡಕಲು ಮರಿಗೆ ಅದನ್ನು ಎಳೆದು ತೆಗೆಯುವ ಶಕ್ತಿ ಇರುವುದಿಲ್ಲ. ಎರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಲೇಬೇಕು. 2 ಕೆ.ಜಿ. ಮರಿಗೆ ಒಂದು ಸಲಕ್ಕೆ 100 ಮಿ.ಲೀ., ಮೊದಲ ದಿನ ನಾಲ್ಕು ಸಲ.

ಪ್ರಶ್ನೆ: ವರ್ಷಕ್ಕೆ ನಾಲ್ಕು ಸಲ ಇಡೀ ಹಿಂಡಿಗೆ ಜಂತಿನ ಔಷಧ ಕುಡಿಸಿದರೂ ಕುರಿಗಳು ಬಿಳಿಚಿಕೊಳ್ಳುತ್ತಿವೆ.

ಉತ್ತರ: ಎಲ್ಲಕ್ಕೂ ಒಟ್ಟಿಗೆ ಕುಡಿಸುವುದೇ ತೊಂದರೆಯ ಮೂಲವಾಗಿರಬಹುದು. ಔಷಧಕ್ಕೆ ಬಗ್ಗದ ಜಂತು ಮಾತ್ರ ಉಳಿದು ಅದರ ಸಂತತಿಯೇ ಹುಲ್ಲುಗಾವಲು ತುಂಬುತ್ತದೆ. ಕಣ್ಣಂದಾಜಿನಲ್ಲಿ ಕಡಿಮೆ ಔಷಧ ಕೊಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಬಿಸಿಲಿನಲ್ಲಿ ಕೆಳರೆಪ್ಪೆ ಮಗುಚಿ ನೋಡಿ. ಕೆಂಪಗಿದ್ದರೆ ಔಷಧ ಬೇಡ. ನಸುಗೆಂಪಾಗಿದ್ದರೆ ಮರಿಗೂ ಗಬ್ಬದ ಕುರಿಗೂ ಕೊಡಿ. ಬೆಳ್ಳಗಾಗಿದ್ದರೆ ಅಥವಾ ಗದ್ದದ ಕೆಳಗೆ ನೀರು ತುಂಬಿ ಊದಿದ್ದರೆ ಅಂದೇ, ಅಳೆದ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಿ. ಕೊಟ್ಟ ಮೇಲೂ ಬಿಳಿಚಿಕೊಂಡೇ ಇದ್ದರೆ ಪಶುವೈದ್ಯರಿಂದ ಹಿಕ್ಕೆ ಪರೀಕ್ಷೆ ಮಾಡಿಸಿ. ಯಕೃತ್ತಿನ ಹುಳುವಿಗೂ ಕಣ್ಣು ಬಿಳಿಚಿಕೊಳ್ಳುತ್ತದೆ, ಅದಕ್ಕೆ ಔಷಧ ಬೇರೆ.

ಯಾವ ಕುರಿಗೆ ಎಷ್ಟು ಸಲ ಔಷಧ ಬೇಕಾಯಿತು ಎಂಬುದೂ ಅದೇ ನೋಟ್‌ಬುಕ್ಕಿನಲ್ಲಿರಲಿ. ಮಳೆಗಾಲವಿಡೀ ಔಷಧವಿಲ್ಲದೆ ಕಣ್ಣು ಕೆಂಪಗಿಟ್ಟುಕೊಂಡ ಕುರಿಯ ಮರಿಗಳನ್ನು ಸಾಕಲು ಇಟ್ಟುಕೊಳ್ಳಿ. ಮೂರು ಸಲ ಬಿಳಿಚಿದ ಕುರಿಯನ್ನು ಮುಂದಿನ ಹಂಗಾಮಿಗೆ ಟಗರಿನ ಹತ್ತಿರ ಬಿಡಬೇಡಿ.